ಬಿಸಿಲು, ಕಠಿಣ ವ್ಯಾಯಾಮ ಮತ್ತು ಜವಾನರ ರೋಗನಿರೋಧಕ ಶಕ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೇನಾ ಭರ್ತಿ ರ‍್ಯಾಲಿಗೆ ಓಡುತ್ತಿರುವ ಹುಡುಗರು, ಮಗನನ್ನು ತರಬೇತಿಗೆ ಕಳಿಸಿದ ಅಪ್ಪ-ಅಮ್ಮ, ರಜೆಗೆ ಊರಿಗೆ ಬಂದ ಜವಾನರು, ನಿವೃತ್ತ ಸುಬೇದಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಅವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಕಣ್ಣೆದುರೇ ಯಾರಾದರೂ ಬಿಸಿಲಿಗೆ ಕುಸಿದಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು "ಓಡ್ತಾ ಓಡ್ತಾ ಕುಸಿದು ಬಿದ್ದರೆ" ಎಂಬ ಪ್ರಶ್ನೆಗೆ ಹೋಗಿ.

## ಮೊದಲು ತಿಳಿಯಬೇಕಾದದ್ದು

ವ್ಯಾಯಾಮ ಮಾಡೋರಿಗೆ ಕಾಯಿಲೆ ಬರಲ್ಲ ಅಂತಾರೆ. ಹಾಗಿದ್ರೆ ಇಷ್ಟು ಗಟ್ಟಿಮುಟ್ಟಾದ ಜವಾನರಿಗೆ ಶೀತ, ಕೆಮ್ಮು ಯಾಕೆ ಹಿಡಿಯುತ್ತೆ?

ಮಿತವಾದ ವ್ಯಾಯಾಮ ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಪ್ರತಿದಿನ ಬಿರುಸಾಗಿ ನಡೆಯುವವರು, ಹಿತವಾಗಿ ಓಡುವವರು ಸುಮ್ನೆ ಕೂತಿರುವವರಿಗಿಂತ ಕಡಿಮೆ ಶೀತ ಹಿಡಿಸಿಕೊಳ್ಳುತ್ತಾರೆ. ಮಿತಿ ದಾಟಿದಾಗ ಲೆಕ್ಕ ತಿರುಗುತ್ತದೆ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ನಂತರ ವ್ಯಾಯಾಮ ವಿಜ್ಞಾನಿ ಡೇವಿಡ್ ನೀಮನ್ ಅವರ ತಂಡ ಓಟಗಾರರನ್ನು ವಿಚಾರಿಸಿತು. ಓಟ ಮುಗಿದ ವಾರದಲ್ಲಿ ಓಡಿದವರಲ್ಲಿ ಸುಮಾರು 13% ಮಂದಿ ಕಾಯಿಲೆ ಬಿದ್ದಿದ್ದರು. ಅಷ್ಟೇ ತಯಾರಿ ಮಾಡಿಯೂ ಓಡದೆ ಉಳಿದವರಲ್ಲಿ ಅದು ಸುಮಾರು 2% ಮಾತ್ರ.

ಜವಾನರ ವಿಷಯದಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಅವರಿಗೆ ವ್ಯಾಯಾಮ ಒಂಟಿಯಾಗಿ ಬರುವುದಿಲ್ಲ. ನಿದ್ದೆಗೇಡು, ಹೊರೆ, ಸೆಕೆ, ಅರೆಹೊಟ್ಟೆ, ಮನೆಯ ಚಿಂತೆ, ನೂರಾರು ಜನರ ಜೊತೆ ಒಂದೇ ಸೂರಿನಡಿ ಮಲಗುವುದು ಎಲ್ಲ ಒಟ್ಟಿಗೇ ಬರುತ್ತವೆ. ನಿರೋಧಕ ಶಕ್ತಿಯನ್ನು ಕುಗ್ಗಿಸುವುದು ಈ ಕೂಟ. ಓಟವೊಂದನ್ನೇ ದೂರಿ ಪ್ರಯೋಜನವಿಲ್ಲ.

ಸೆಕೆಯಲ್ಲಿ ಓಡಿದಾಗ ಮೈಯೊಳಗೆ ಏನಾಗುತ್ತೆ?

ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಿಸಿಯಾಗಿಯೇ ಹೊರಬರುತ್ತದೆ. ಆ ಬಿಸಿಯನ್ನು ಚರ್ಮಕ್ಕೆ ಸಾಗಿಸಲು ರಕ್ತ ಬೇಕು. ಓಡುವ ಕಾಲುಗಳಿಗೂ ರಕ್ತ ಬೇಕು. ಇರುವುದು ಅಷ್ಟೇ ರಕ್ತ. ಹೀಗಾಗಿ ದೇಹ ಹೊಟ್ಟೆ, ಕರುಳಿನ ಪಾಲನ್ನು ಕಡಿತ ಮಾಡುತ್ತದೆ. ತೀವ್ರ ಓಟದಲ್ಲಿ ಕರುಳಿನ ರಕ್ತ ಸಂಚಾರ ತುಂಬಾ ಇಳಿದುಹೋಗುತ್ತದೆ. ಇದನ್ನು ನೆನಪಿಡಿ, ಮುಂದಿನ ಎಷ್ಟೋ ತೊಂದರೆಗಳ ಬೇರು ಇಲ್ಲಿದೆ.

1 ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಬಿಸಿ ಹೊರಹೋಗುತ್ತದೆ. ಆದರೆ ಅದು ಆವಿಯಾಗಬೇಕು. ಕಾರವಾರದಂಥ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಮೈ ತಂಪಾಗುವುದಿಲ್ಲ. ಅದಕ್ಕೇ ಕರಾವಳಿಯ 33 ಡಿಗ್ರಿ ಕೆಲವೊಮ್ಮೆ ಒಣ ಬಯಲಿನ 40 ಡಿಗ್ರಿಗಿಂತ ಕೆಟ್ಟದ್ದು.

ಮಗ ಟ್ರೈನಿಂಗ್‌ಗೆ ಹೋಗಿ ಎರಡೇ ವಾರಕ್ಕೆ ಜ್ವರ, ಕೆಮ್ಮು ಅಂತ ಫೋನ್ ಮಾಡಿದ. ಅಲ್ಲಿ ಏನಾದ್ರೂ ಸರಿ ಇಲ್ವಾ?

ಅಮ್ಮಂದಿರು ಜಾಸ್ತಿ ಕೇಳುವ ಪ್ರಶ್ನೆ ಇದು. ಮೊದಲ ವಾರಗಳಲ್ಲಿ ಹೀಗಾಗುವುದು ಜಗತ್ತಿನ ಎಲ್ಲ ಸೇನೆಗಳಲ್ಲೂ ಇದೆ. ಬೇರೆ ಬೇರೆ ಊರಿನ ಹುಡುಗರು ತಮ್ಮ ತಮ್ಮ ಊರಿನ ವೈರಸ್ ಹೊತ್ತು ಒಂದೇ ಬ್ಯಾರಕ್‌ಗೆ ಬರುತ್ತಾರೆ. ಅಮೆರಿಕದ ಅನುಭವ ನೋಡಿ. ಅಲ್ಲಿ ಹೊಸ ಸೈನಿಕರಿಗೆ ಅಡಿನೋವೈರಸ್ ಕಾಟ ವಿಪರೀತವಾಗಿತ್ತು. 1971ರಿಂದ ಎಲ್ಲರಿಗೂ ಅದರ ಲಸಿಕೆಯ ಮಾತ್ರೆ ಕೊಟ್ಟರು, ಕಾಯಿಲೆ ಇಳಿಯಿತು. 1990ರ ದಶಕದಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು, 1999ರ ಹೊತ್ತಿಗೆ ದಾಸ್ತಾನು ಮುಗಿಯಿತು, ಜ್ವರ ಬ್ಯಾರಕ್‌ಗಳಿಗೆ ವಾಪಸ್ ಬಂತು. 2011ರಲ್ಲಿ ಲಸಿಕೆ ಮತ್ತೆ ಶುರುವಾದ ಮೇಲೆ ಪುನಃ ತಗ್ಗಿತು.

ನಿದ್ದೆಯ ಪಾತ್ರವೂ ದೊಡ್ಡದು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಪ್ಪಿದವರ ಮೂಗಿಗೆ ಶೀತದ ವೈರಸ್ ಹನಿ ಹಾಕಿ ಕಾದರು. ರಾತ್ರಿ 7 ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ಶೀತ ಹಿಡಿಯುವ ಸಾಧ್ಯತೆ, 8 ಗಂಟೆ ಮಲಗುವವರಿಗಿಂತ ಸುಮಾರು 3 ಪಟ್ಟು ಇತ್ತು. ಮಗನಿಗೆ ಹೇಳಬೇಕಾದ್ದು ಒಂದೇ: "ಎಂಐ ರೂಮಿಗೆ (ಘಟಕದ ವೈದ್ಯಕೀಯ ತಪಾಸಣೆ ಕೋಣೆಗೆ) ಹೋಗಿ ತೋರಿಸು, ಮುಚ್ಚಿಡಬೇಡ."

ಜ್ವರ ಬಂದರೂ ಮೈ ಬಿಸಿ, ಬಿಸಿಲು ಬಡಿದರೂ ಮೈ ಬಿಸಿ. ಎರಡೂ ಒಂದೇ ಅಲ್ವಾ?

ಅಲ್ಲ. ಜ್ವರದಲ್ಲಿ ಮೆದುಳೇ ದೇಹದ ಬಿಸಿಯ ಮಟ್ಟವನ್ನು ಬೇಕೆಂದು ಏರಿಸುತ್ತದೆ. ರೋಗಾಣು ವಿರುದ್ಧದ ಹೋರಾಟಕ್ಕೆ ಅದು ನೆರವಾಗುತ್ತದೆ. ಪ್ಯಾರಸಿಟಮಾಲ್ ಆ ಮಟ್ಟವನ್ನು ಇಳಿಸುತ್ತದೆ. ಹೀಟ್ ಸ್ಟ್ರೋಕ್‌ನಲ್ಲಿ ಮೆದುಳು ಏನನ್ನೂ ಏರಿಸಿರುವುದಿಲ್ಲ. ಬಿಸಿ ಹೊರಹೋಗುವುದಕ್ಕಿಂತ ಬೇಗ ಒಳಗೆ ತುಂಬಿಕೊಂಡಿರುತ್ತದೆ. ಅಲ್ಲಿ ಪ್ಯಾರಸಿಟಮಾಲ್ ಕೆಲಸ ಮಾಡುವುದಿಲ್ಲ, ಮೊದಲೇ ಬಳಲಿದ ಯಕೃತ್ತಿಗೆ ಮತ್ತಷ್ಟು ಹೊರೆಯಾಗುತ್ತದೆ. ಮೈ ತಂಪು ಮಾಡುವುದೇ ಔಷಧಿ.

## ತಯಾರಿ, ಊಟ, ನೀರು

ನಾಳೆ ರ‍್ಯಾಲಿ. ನಿನ್ನೆಯಿಂದ ಸ್ವಲ್ಪ ಜ್ವರ ಇದೆ. ಒಂದು ಮಾತ್ರೆ ನುಂಗಿ 1.6 ಕಿಲೋಮೀಟರ್ ಓಡಿಬಿಡಬಹುದಾ?

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಜ್ವರ ಇದ್ದಾಗ ನಿಮ್ಮ ಮೈ ಓಟ ಶುರುವಾಗುವ ಮುಂಚೆಯೇ 38 ಡಿಗ್ರಿ ದಾಟಿರುತ್ತದೆ. ಆರೋಗ್ಯವಂತ 37ರಿಂದ ಹೊರಡುತ್ತಾನೆ, ನೀವು 38.5ರಿಂದ. ಅಪಾಯದ 40 ನಿಮಗೆ ಅಷ್ಟು ಹತ್ತಿರ. ನಿರೋಧಕ ವ್ಯವಸ್ಥೆ ಆಗಲೇ ಉರಿಯೂತದ, ಅಂದರೆ ರೋಗಾಣು ವಿರುದ್ಧ ಕೆರಳಿ ಹೋರಾಡುವ ಕೆಲಸದಲ್ಲಿ ತೊಡಗಿರುತ್ತದೆ. ಅದರ ಮೇಲೆ ಬಿಸಿಲಿನ ಉರಿಯೂತ ಸೇರುತ್ತದೆ. ವಾಂತಿ, ಭೇದಿ ಆಗಿದ್ದರೆ ನೀರು, ಉಪ್ಪು ಮೊದಲೇ ಖಾಲಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಇಳಿಯುತ್ತವೆ. ಅಂಥ ಹೊತ್ತಿನಲ್ಲಿ ಜೋರಾಗಿ ಓಡಿದರೆ ಹೃದಯ ಬಡಿತವೇ ತಪ್ಪಬಹುದು. ಮಾತ್ರೆ ಜ್ವರದ ಸೂಚನೆಯನ್ನು ಮರೆಮಾಡುತ್ತದೆ, ಕಾಯಿಲೆಯನ್ನಲ್ಲ.

ಇಸ್ರೇಲಿ ಸೇನೆಯ ವೈದ್ಯರು ಹೀಟ್ ಸ್ಟ್ರೋಕ್ ಪ್ರಕರಣಗಳನ್ನು ವರ್ಷಗಟ್ಟಲೆ ಕೆದಕಿ ನೋಡಿದ್ದಾರೆ. ಅಲ್ಲಿ ಮತ್ತೆ ಮತ್ತೆ ಕಾಣುವ ಕಾರಣಗಳು: ಸಾಲದ ತಯಾರಿ, ನಿದ್ದೆಗೇಡು, ಆಗಷ್ಟೇ ಆದ ಕಾಯಿಲೆ, ಮತ್ತು ಅತಿಯಾದ ಛಲ. ಕೊನೆಯದನ್ನು ಗಮನಿಸಿ. ಸೋಮಾರಿಗಳಿಗಿಂತ "ಸತ್ತರೂ ನಿಲ್ಲಲ್ಲ" ಎನ್ನುವ ಹುಡುಗರೇ ಹೀಗೆ ಬೀಳುತ್ತಾರೆ. ಬಡ ಮನೆಯ ಹುಡುಗನಿಗೆ ಒಂದು ರ‍್ಯಾಲಿ ತಪ್ಪಿದರೆ ಏನು ನಷ್ಟವೆಂದು ನಮಗೆ ಚೆನ್ನಾಗಿ ಗೊತ್ತು. ಆದರೂ ಇದೇ ನಮ್ಮ ಉತ್ತರ.

ಮೂಗು ಸೋರುವುದಷ್ಟೇ ಇದ್ದು, ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇಲ್ಲದಿದ್ದರೆ ಹಗುರ ಓಟಕ್ಕೆ ಅಡ್ಡಿಯಿಲ್ಲ.

ಬಿಸಿಲಿಗೆ ಮೈ ಒಗ್ಗೋಕೆ ಎಷ್ಟು ದಿನ ಬೇಕು?

ಸಾಮಾನ್ಯವಾಗಿ 10ರಿಂದ 14 ದಿನ. ಪ್ರತಿದಿನ ಒಂದೂವರೆ, ಎರಡು ಗಂಟೆ ಸೆಕೆಯಲ್ಲಿ ಮೈ ಬಗ್ಗಿಸಬೇಕು, ಕೆಲಸವನ್ನು ನಿಧಾನವಾಗಿ ಏರಿಸಬೇಕು. ನೆರಳಲ್ಲಿ ಕೂತರೆ ಒಗ್ಗುವುದಿಲ್ಲ. ಮೊದಲು ರಕ್ತದ ನೀರಿನಂಶ ಹೆಚ್ಚುತ್ತದೆ, ಹೃದಯ ಬಡಿತ ಇಳಿಯುತ್ತದೆ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಜೀವಕೋಶಗಳ ಒಳಗೆ ಹೀಟ್ ಶಾಕ್ ಪ್ರೋಟೀನ್ ಎಂಬ ಕಾವಲು ಪ್ರೋಟೀನ್‌ಗಳು ಹೆಚ್ಚುತ್ತವೆ. ಬಿಸಿಗೆ ಕೆಡುವ ಬೇರೆ ಪ್ರೋಟೀನ್‌ಗಳನ್ನು ಇವು ಕಾಯುತ್ತವೆ, ಉರಿಯೂತವನ್ನೂ ಹತೋಟಿಯಲ್ಲಿಡುತ್ತವೆ.

ಇದು ಉಳಿಯುವ ಆಸ್ತಿ ಅಲ್ಲ. ತಂಪು ಜಾಗದಲ್ಲಿ ಎರಡು ಮೂರು ವಾರ ಕಳೆದರೆ ಹೆಚ್ಚಿನ ಪಾಲು ಹೋಗಿರುತ್ತದೆ. ಮಡಿಕೇರಿಯ ಮಳೆಯಲ್ಲಿ ತಿಂಗಳ ರಜೆ ಕಳೆದು ಜೈಸಲ್ಮೇರ್‌ಗೆ ಮರಳಿದ ಹಳೆಯ ಜವಾನನೂ ಮತ್ತೆ ಮೊದಲಿನಿಂದ ಒಗ್ಗಿಕೊಳ್ಳಬೇಕು. ಆ ಕಡೆಯ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಎಷ್ಟು ವರ್ಷದ ಸರ್ವಿಸ್ ಇದ್ದರೂ ಅಂಥ ಬಿಸಿಲು ವಿನಾಯಿತಿ ಕೊಡುವುದಿಲ್ಲ.

ನಮ್ಮ ಕಾಲದಲ್ಲಿ ನೀರು ಕೊಡದೇ ಓಡಿಸಿ ಗಟ್ಟಿ ಮಾಡ್ತಿದ್ರು. ಈಗಿನವರಿಗೆ ಎಲ್ಲಾ ಸಡಿಲ ಆಯ್ತಲ್ಲಾ?

ಹಿರಿಯರ ಮೇಲೆ ಪೂರ್ತಿ ಗೌರವ ಇಟ್ಟೇ ಹೇಳುತ್ತೇವೆ: ಬಿಸಿಲಿಗೆ ಮೈ ಒಗ್ಗುತ್ತದೆ, ಬಾಯಾರಿಕೆಗೆ ಒಗ್ಗುವುದಿಲ್ಲ. ನೀರಿಲ್ಲದೆ ಅಭ್ಯಾಸ ಮಾಡಿದರೆ ನೀರಿಲ್ಲದೆ ಬದುಕುವ ಶಕ್ತಿ ಬರುವುದಿಲ್ಲ. ದೇಹದ ತೂಕದ 2% ನೀರು ಹೋದರೆ ಸಾಕು, ಸೆಕೆಯಲ್ಲಿ ಕೆಲಸ ಕುಗ್ಗುತ್ತದೆ, ಮೈ ಬಿಸಿ ಬೇಗ ಏರುತ್ತದೆ. ಜೊಲ್ಲು ಒಣಗುತ್ತದೆ. ಜೊಲ್ಲಿನಲ್ಲಿರುವ ಐಜಿಎ ಎಂಬ ಪ್ರತಿಕಾಯ ಗಂಟಲಿನ ಮೊದಲ ಕಾವಲು. ಬಾಯಿ ಒಣಗಿದರೆ ಆ ಕಾವಲೂ ತೆಳುವಾಗುತ್ತದೆ.

ಹಾಗಾದ್ರೆ ನೀರು ಎಷ್ಟು ಜಾಸ್ತಿ ಕುಡಿದ್ರೆ ಅಷ್ಟು ಒಳ್ಳೇದಾ?

ಇಲ್ಲ, ಇಲ್ಲೂ ಮಿತಿ ಇದೆ. 1990ರ ದಶಕದಲ್ಲಿ ಅಮೆರಿಕದ ಸೇನೆಯಲ್ಲಿ ನೀರು ವಿಪರೀತ ಕುಡಿಸಿದ್ದರಿಂದ ರಕ್ತದ ಸೋಡಿಯಂ ಕುಸಿದು ಹೊಸ ಸೈನಿಕರು ಸತ್ತರು. ಆಮೇಲೆ ಅಲ್ಲಿ ನಿಯಮ ಬದಲಾಯಿತು: ಗಂಟೆಗೆ ಸುಮಾರು 1.4 ಲೀಟರ್, ದಿನಕ್ಕೆ ಸುಮಾರು 11 ಲೀಟರ್ ಮೀರಬಾರದು. ನಮ್ಮ ಉಪ್ಪು ಹಾಕಿದ ನೀರು ಮಜ್ಜಿಗೆ, ರಾಗಿ ಅಂಬಲಿ, ನಿಂಬೆ ಪಾನಕ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಉದ್ದದ ನಡಿಗೆಯ ಮಾರ್ಚ್ ಶುರುವಾಗುವ ಮುಂಚೆ, ಮುಗಿದ ಮೇಲೆ ತೂಕ ನೋಡಿಕೊಳ್ಳಿ. ತೂಕ ಏರಿದ್ದರೆ ಜಾಸ್ತಿ ಕುಡಿದಿದ್ದೀರಿ ಎಂದೇ ಅರ್ಥ.

ವಿಟಮಿನ್ ಸಿ, ಚ್ಯವನಪ್ರಾಶ, ಇಮ್ಯುನಿಟಿ ಪುಡಿ ಇವೆಲ್ಲ ಕಳಿಸಿಕೊಡಬಹುದಾ?

ವಿಟಮಿನ್ ಸಿ ಬಗ್ಗೆ ಒಂದು ಸೊಗಸಾದ ಸಂಗತಿ ಇದೆ. ಸಾಮಾನ್ಯ ಜನ ದಿನಾ ನುಂಗಿದರೆ ಶೀತ ಹಿಡಿಯುವುದು ತಪ್ಪುವುದಿಲ್ಲ. ಆದರೆ ಮ್ಯಾರಥಾನ್ ಓಟಗಾರರು, ಹಿಮದಲ್ಲಿ ಜಾರುವ ಸ್ಕೀ ಪಟುಗಳು, ಕೊರೆಯುವ ಚಳಿಯಲ್ಲಿ ಕವಾಯತು ಮಾಡಿದ ಸೈನಿಕರು ಸೇರಿ ಸುಮಾರು 600 ಜನರ ಮೇಲೆ ನಡೆದ 5 ಪ್ರಯೋಗಗಳಲ್ಲಿ ಶೀತದ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಅಂದರೆ ಮೈ ವಿಪರೀತ ದಣಿಯುವವರಿಗೆ ಉಪಯೋಗ ಇದೆ. ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆ ಸಿಕ್ಕಿದರೆ ತಿನ್ನಲಿ.

ಹೆಸರು ದೊಡ್ಡದಿರುವ ಪುಡಿಗಳಿಗೆ ದುಡ್ಡು ಸುರಿಯಬೇಡಿ. ಉದ್ದದ ಮಾರ್ಚ್‌ನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಬಿದ್ದರೆ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನಿನ ಏರಿಕೆ ತಗ್ಗುತ್ತದೆ. ಬೆಲ್ಲ, ಬಾಳೆಹಣ್ಣು ಸಾಕು. ಜವಾನರ ಪೊಟ್ಟಣದ ಊಟ ಹೇಗಿರಬೇಕೆಂದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ 1961ರಿಂದ ಕೆಲಸ ಮಾಡುತ್ತಿದೆ. ಕೊಟ್ಟದ್ದನ್ನು ಪೂರ್ತಿ ತಿನ್ನುವುದೇ ದೊಡ್ಡ ಟಾನಿಕ್.

ಮೊಣಕಾಲು ನೋವಿಗೆ ಐಬುಪ್ರೊಫೆನ್, ಜೊತೆಗೆ ಜಿಮ್‌ನವರು ಕೊಟ್ಟ ಪ್ರೀ-ವರ್ಕೌಟ್ ಪುಡಿ. ತಗೊಂಡು ಓಡ್ತೀನಿ, ಪರವಾಗಿಲ್ವಾ?

ಐಬುಪ್ರೊಫೆನ್ ಕರುಳಿನ ಒಳಪದರವನ್ನು ಕೆಣಕುತ್ತದೆ. ಸೆಕೆಯ ಓಟವೂ ಅದನ್ನೇ ಮಾಡುತ್ತದೆ. ಎರಡೂ ಸೇರಬಾರದು. ಉತ್ತೇಜಕ ಇರುವ ಪುಡಿಗಳು ಮೈ ಬಿಸಿ ಏರಿಸುತ್ತವೆ, ದಣಿವಿನ ಅರಿವನ್ನು ಮುಚ್ಚುತ್ತವೆ. ಕೆಲವು ಶೀತದ ಮಾತ್ರೆಗಳು ಬೆವರನ್ನೇ ಕಡಿಮೆ ಮಾಡುತ್ತವೆ. ಓಟದ ದಿನ ಇವು ಯಾವುವೂ ಬೇಡ.

ಬೆವರುಸಾಲೆಗೂ ಬಿಸಿಲಿಗೆ ಬೀಳೋದಕ್ಕೂ ಏನು ಸಂಬಂಧ?

ಸಂಬಂಧ ಇದೆ. ಬೆವರುಸಾಲೆ ಎಂದರೆ ಬೆವರಿನ ರಂಧ್ರ ಕಟ್ಟಿಕೊಂಡಿದೆ ಎಂದರ್ಥ. ಬೆನ್ನು, ಎದೆ ತುಂಬಾ ಇದ್ದರೆ ಅಷ್ಟು ಚರ್ಮ ತಂಪಾಗುವ ಕೆಲಸದಿಂದ ರಜೆ ಹಾಕಿದೆ. ಗುಳ್ಳೆ ಮಾಯವಾದ ಮೇಲೂ ಕೆಲವು ವಾರ ಬೆವರು ಸರಿಯಾಗಿ ಬರುವುದಿಲ್ಲ. ಕೆರೆದ ಜಾಗದಲ್ಲಿ ಕೀವು, ಗಜಕರ್ಣ ಸೇರಿಕೊಳ್ಳುತ್ತವೆ. ಒದ್ದೆ ಬನಿಯನ್, ಕಾಲುಚೀಲ ಬದಲಿಸಿ, ಮೈ ಒಣಗಿಸಿ.

## ಇನ್ನಷ್ಟು ಆಳಕ್ಕೆ

ಓಡಿದ ಮೇಲೆ ಬಿಳಿ ರಕ್ತಕಣ ಕಡಿಮೆ ಆಗುತ್ತೆ, ಆಗ ರೋಗಾಣು ನುಗ್ಗೋಕೆ "ಕಿಟಕಿ" ತೆರೆಯುತ್ತೆ ಅಂತ ಓದಿದೆ. ನಿಜಾನಾ?

ಅರ್ಧ ನಿಜ. ಓಡುವಾಗ ಅಡ್ರಿನಲಿನ್ ಏರಿ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಬಿಳಿ ರಕ್ತಕಣಗಳು ಹರಿವಿಗೆ ಇಳಿಯುತ್ತವೆ. ವೈರಸ್ ಸೋಂಕಿದ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳು ಹಲವು ಪಟ್ಟು ಏರುತ್ತವೆ. ಓಟ ಮುಗಿದು ಒಂದೆರಡು ಗಂಟೆಗೆ ಲಿಂಫೋಸೈಟ್ ಎಂಬ ಬಗೆಯ ಬಿಳಿ ರಕ್ತಕಣಗಳು ಮೊದಲಿದ್ದಕ್ಕಿಂತ ಕೆಳಗಿಳಿಯುತ್ತವೆ, ಸಾಮಾನ್ಯವಾಗಿ ಒಂದು ದಿನದೊಳಗೆ ಸರಿಹೋಗುತ್ತವೆ. ಇಷ್ಟರ ಬಗ್ಗೆ ತಕರಾರಿಲ್ಲ.

ಇಳಿದದ್ದಕ್ಕೆ ಅರ್ಥವೇನು ಎಂಬುದರಲ್ಲೇ ವಾದ. ನಿರೋಧಕ ಶಕ್ತಿ ಕುಸಿಯಿತು ಎಂದು ಮೊದಲು ಹೇಳಿದರು. 2018ರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಮತ್ತು ಟರ್ನರ್ ಇದನ್ನು ಬಲವಾಗಿ ಪ್ರಶ್ನಿಸಿದರು. ಆ ಕೋಶಗಳು ಸತ್ತಿಲ್ಲ, ಶ್ವಾಸಕೋಶ, ಕರುಳಿನಂಥ ಕಡೆ ಕಾವಲಿಗೆ ಹೋಗಿವೆ ಎನ್ನುವುದು ಅವರ ವಾದ. ನಮಗೆ ಇದು ಹೆಚ್ಚು ಒಪ್ಪಿಗೆಯಾಗುತ್ತದೆ. ಒಂದು ಬೆಳಗಿನ ಪಿಟಿಯಿಂದ ಯಾರ ನಿರೋಧಕ ಶಕ್ತಿಯೂ ಹೋಗುವುದಿಲ್ಲ. ಓಡಿದ ಕೂಡಲೇ ಕೊಟ್ಟ ರಕ್ತದ ವರದಿ ನೋಡಿ ಗಾಬರಿಯಾಗಲೂ ಬೇಡಿ.

ವ್ಯಾಯಾಮದ ಜೊತೆ ಸೆಕೆಯೂ ಸೇರಿದರೆ ನಿರೋಧಕ ಶಕ್ತಿ ಎರಡರಷ್ಟು ಕುಸಿಯುತ್ತಾ?

ಟೊರಾಂಟೊದ ಸಂಶೋಧಕರು ಕೆನಡಾದ ರಕ್ಷಣಾ ಇಲಾಖೆ ಜೊತೆ ಇದನ್ನು ಜಾಣ್ಮೆಯಿಂದ ಪರೀಕ್ಷಿಸಿದರು. ನೀರಿನ ತೊಟ್ಟಿಯೊಳಗೆ ಸೈಕಲ್ ತುಳಿಸಿದರು, ಒಮ್ಮೆ ಬಿಸಿ ನೀರು, ಒಮ್ಮೆ ತಣ್ಣೀರು. ಕೆಲಸ ಅಷ್ಟೇ. ತಣ್ಣೀರಿನಲ್ಲಿ ಒಳಮೈ ಬಿಸಿ ಏರಲಿಲ್ಲ, ಒತ್ತಡದ ಹಾರ್ಮೋನು ಮತ್ತು ಉರಿಯೂತದ ಸಂಕೇತಗಳ ಏರಿಕೆಯೂ ಬಹಳ ತಗ್ಗಿತು. ಅಂದರೆ ನಾವು ವ್ಯಾಯಾಮದ ತಲೆಗೆ ಕಟ್ಟುವ ಎಷ್ಟೋ ಬದಲಾವಣೆ ಒಳಮೈ ಬಿಸಿಯದ್ದೇ.

ಹಾಗೆಂದು ಎರಡರಷ್ಟು ಕುಸಿಯುತ್ತದೆ ಎನ್ನಲಾಗದು. ಪ್ರಯೋಗಾಲಯದಲ್ಲಿ ಸೆಕೆಯಲ್ಲಿ ದಣಿದವರು ಸಾಕೆನಿಸಿದಾಗ ನಿಲ್ಲುತ್ತಾರೆ. ಅವರಲ್ಲಿ ಸೋಂಕು ಹೆಚ್ಚುವಷ್ಟು ಹಾನಿ ಸಾಮಾನ್ಯವಾಗಿ ಕಾಣುವುದಿಲ್ಲ. ಜವಾನನಿಗೆ ಬೇಕೆಂದಾಗ ನಿಲ್ಲುವ ಅವಕಾಶ ಇರುವುದಿಲ್ಲ. ವ್ಯತ್ಯಾಸ ಅಲ್ಲಿದೆ.

ಬೆಳಗಾವಿಯ ಕಮಾಂಡೋ ಕೋರ್ಸ್‌ನಂಥ ತರಬೇತಿಯಲ್ಲಿ ಊಟ, ನಿದ್ದೆ ಎರಡೂ ಕಡಿಮೆ. ಅದರಿಂದ ನಿಜವಾಗಿ ಎಷ್ಟು ಹಾನಿ?

ಈ ಬಗೆಯ ತರಬೇತಿ ಬಗ್ಗೆ ಚೆನ್ನಾದ ದಾಖಲೆ ಇರುವುದು ಅಮೆರಿಕದ ಸೇನೆಯ ಕಠಿಣ ರೇಂಜರ್ ಕೋರ್ಸ್‌ನಿಂದ. 1990ರ ದಶಕದ ಆರಂಭದಲ್ಲಿ 62 ದಿನಗಳ ಆ ಕೋರ್ಸ್ ಮುಗಿಸಿದವರು ಸರಾಸರಿ ಸುಮಾರು 16% ತೂಕ ಕಳೆದುಕೊಂಡಿದ್ದರು. ಅವರ ಟಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಲಿಂಫೋಸೈಟ್) ಪ್ರಚೋದಿಸಿದರೂ ಸರಿಯಾಗಿ ವೃದ್ಧಿಯಾಗುತ್ತಿರಲಿಲ್ಲ, ಸೋಂಕೂ ಜಾಸ್ತಿ. ಮುಂದಿನ ತಂಡಕ್ಕೆ ತರಬೇತಿ ಅದೇ ಇಟ್ಟು ಊಟ ಮಾತ್ರ ಸ್ವಲ್ಪ ಹೆಚ್ಚಿಸಿದರು. ತೂಕ ಇಳಿದದ್ದು ಸುಮಾರು 13%, ಟಿ ಕೋಶಗಳ ಕುಸಿತ ಕಡಿಮೆ, ಸೋಂಕೂ ಕಡಿಮೆ. ಇಡೀ ವಿಷಯದಲ್ಲಿ ನಮಗೆ ಅತಿ ಮುಖ್ಯವೆನಿಸುವ ಫಲಿತಾಂಶ ಇದು. ಕಷ್ಟ ಕಡಿಮೆ ಮಾಡದೆಯೂ ಜವಾನನನ್ನು ಕಾಯಬಹುದು, ಒಂದಿಷ್ಟು ಹೆಚ್ಚು ಅನ್ನ ಹಾಕಿದರೆ ಸಾಕು.

ನಾರ್ವೆಯ ಕೆಡೆಟ್‌ಗಳು ಒಂದು ವಾರ ಹೆಚ್ಚುಕಡಿಮೆ ನಿದ್ದೆ, ಊಟ ಎರಡೂ ಇಲ್ಲದೆ ಕಾಡಿನಲ್ಲಿ ಕಳೆಯುತ್ತಾರೆ. ಅವರಲ್ಲಿ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಏರಿ ಲಿಂಫೋಸೈಟ್ ಇಳಿಯುತ್ತದೆ, ರಕ್ತದ ಪ್ರತಿಕಾಯಗಳೂ ತಗ್ಗುತ್ತವೆ. ಪುರುಷ ಹಾರ್ಮೋನು ಪಾತಾಳಕ್ಕೆ ಇಳಿದಿರುತ್ತದೆ. ವಿಶ್ರಾಂತಿ, ಊಟ ಸಿಕ್ಕ ಮೇಲೆ ಚೇತರಿಸಿಕೊಳ್ಳುತ್ತಾರೆ.

ಹೀಟ್ ಸ್ಟ್ರೋಕ್ ಆದವರ ಕಿಡ್ನಿ, ಲಿವರ್ ಎಲ್ಲ ಯಾಕೆ ಕೆಡುತ್ತೆ? ಬಿಸಿ ಆಗಿದ್ದು ಮೈ ಮಾತ್ರ ಅಲ್ವಾ?

ಇಲ್ಲಿ ನಿರೋಧಕ ವ್ಯವಸ್ಥೆಯೇ ಕೈ ಮೀರುತ್ತದೆ. ರಕ್ತ ಕಡಿಮೆಯಾಗಿ, ಬಿಸಿ ಏರಿ, ಕರುಳಿನ ಒಳಗೋಡೆಯ ಕೋಶಗಳ ನಡುವಿನ ಬೆಸುಗೆ ಬಿಡುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ಹೊದಿಕೆಯ ಎಂಡೋಟಾಕ್ಸಿನ್ ಎಂಬ ವಿಷ ರಕ್ತಕ್ಕೆ ಸೋರುತ್ತದೆ. ದಕ್ಷಿಣ ಆಫ್ರಿಕಾದ ಸುಮಾರು 90 ಕಿಲೋಮೀಟರ್‌ಗಳ ಕಾಮ್ರೇಡ್ಸ್ ಓಟದಲ್ಲಿ ಕುಸಿದವರ ರಕ್ತವನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ ಹತ್ತರಲ್ಲಿ ಎಂಟು ಜನರಲ್ಲಿ ಎಂಡೋಟಾಕ್ಸಿನ್ ಏರಿತ್ತು. ಅದನ್ನು ಕಂಡ ನಿರೋಧಕ ಕೋಶಗಳು ದೊಡ್ಡ ಸೋಂಕೇ ಬಂತೆಂದು ಸೈಟೊಕೈನ್ ಎಂಬ ಉರಿಯೂತದ ಸಂಕೇತಗಳನ್ನು ಸುರಿಯುತ್ತವೆ. ರಕ್ತ ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ, ಅಂಗಗಳು ಒಂದರ ಹಿಂದೆ ಒಂದು ಸೋಲುತ್ತವೆ. ಮೈ ತಣ್ಣಗಾದ ಮೇಲೂ ಇದು ಮುಂದುವರಿಯಬಹುದು. ಸ್ನಾಯು ಕರಗಿ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ಇನ್ನಷ್ಟು ಅಪಾಯ.

ಸೋಂಕಿನಿಂದ ಎದ್ದ ಹುಡುಗ ಬಿಸಿಲಿಗೆ ಬೇಗ ಬೀಳುವುದಕ್ಕೂ ಇದೇ ಕಾರಣ. ಅವನ ನಿರೋಧಕ ಕೋಶಗಳು ಮೊದಲೇ ಕೆರಳಿರುತ್ತವೆ.

ಓಡ್ತಾ ಓಡ್ತಾ ಕುಸಿದು ಬಿದ್ದರೆ ಮೊದಲು ಏನು ಮಾಡಬೇಕು?

ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಸಾಗಿಸಿ. ಸೆಕೆಯಲ್ಲಿ ದುಡಿಯುತ್ತಿದ್ದವ ತೊದಲಿದರೆ, ತೂರಾಡಿದರೆ, ಅಸಂಬದ್ಧವಾಗಿ ಬೈದರೆ, ಪ್ರಜ್ಞೆ ತಪ್ಪಿದರೆ ಹೀಟ್ ಸ್ಟ್ರೋಕ್ ಎಂದೇ ತಿಳಿಯಿರಿ. ಬೆವರು ಬರುತ್ತಿದೆ, ಆದ್ದರಿಂದ ಅಲ್ಲ ಎಂದುಕೊಳ್ಳಬೇಡಿ. ಓಟದ ಹೀಟ್ ಸ್ಟ್ರೋಕ್‌ನಲ್ಲಿ ಮೈ ಸಾಮಾನ್ಯವಾಗಿ ಬೆವರಿನಿಂದ ತೊಯ್ದಿರುತ್ತದೆ.

ಆಂಬುಲೆನ್ಸ್‌ಗೆ ಫೋನ್ ಹೋಗುತ್ತಿರುವಾಗಲೇ ಬೂಟು, ಪಿಟ್ಠು (ಬೆನ್ನಿನ ಚೀಲ), ಬಟ್ಟೆ ತೆಗೆಯಿರಿ. ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ, ತಲೆ ಹಿಡಿದಿರಿ. ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ ಅಂಚುಗಳನ್ನು ನಾಲ್ಕು ಜನ ಎತ್ತಿ ಹಿಡಿದು ಅದರೊಳಗೆ ನೀರು ಸುರಿಯಿರಿ. ಅದೂ ಆಗದಿದ್ದರೆ ಐಸ್ ನೀರಿನಲ್ಲಿ ಅದ್ದಿದ ಬೆಡ್‌ಶೀಟ್ ಸುತ್ತಿ, ಬದಲಿಸುತ್ತಾ ಇರಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ಬಾಯಿ, ಹಣೆಯ ಥರ್ಮಾಮೀಟರ್ ಇಲ್ಲಿ ಮೋಸ ಮಾಡುತ್ತದೆ, ಗುದದ್ವಾರದ ಅಳತೆಯೇ ನಂಬಿಕೆಯದ್ದು. 39 ಡಿಗ್ರಿಗೆ ಇಳಿದಾಗ ಹೊರತೆಗೆಯಿರಿ. ಅಮೆರಿಕದ ಫಾಲ್ಮೌತ್ ಓಟದಲ್ಲಿ 18 ವರ್ಷಗಳಲ್ಲಿ 274 ಮಂದಿಗೆ ಹೀಗೆ ಸ್ಥಳದಲ್ಲೇ ಐಸ್ ನೀರಿನ ಚಿಕಿತ್ಸೆ ಕೊಟ್ಟರು. ಒಬ್ಬರೂ ಸಾಯಲಿಲ್ಲ.

ಉಸ್ತಾದರು (ತರಬೇತಿ ಕೊಡುವವರು) ಯಾವ ಲೆಕ್ಕದ ಮೇಲೆ ಓಟ ನಿಲ್ಲಿಸಬೇಕು? ತಾಪಮಾನ ನೋಡಿದರೆ ಸಾಕಾ?

ಸಾಲದು. 1950ರ ದಶಕದಲ್ಲಿ ಅಮೆರಿಕದ ಪ್ಯಾರಿಸ್ ಐಲ್ಯಾಂಡ್ ತರಬೇತಿ ಶಿಬಿರದಲ್ಲಿ ಹುಡುಗರು ಬಿಸಿಲಿಗೆ ಬೀಳುವುದು ಜಾಸ್ತಿಯಾದಾಗ ಡಬ್ಲ್ಯುಬಿಜಿಟಿ ಎಂಬ ಸೂಚ್ಯಂಕ ಬಂತು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್‌ಗೆ 70%, ಬಿಸಿಲಿಗಿಟ್ಟ ಕಪ್ಪು ಗೋಳಕ್ಕೆ 20%, ಮಾಮೂಲಿ ಥರ್ಮಾಮೀಟರ್‌ಗೆ 10% ತೂಕ. ತೇವಕ್ಕೇ ಹೆಚ್ಚು ಬೆಲೆ ಎಂಬುದನ್ನು ನೋಡಿ. ಈ ಅಂಕಿ 32.2 ಡಿಗ್ರಿ ದಾಟಿದರೆ ಅಲ್ಲಿ ಕಪ್ಪು ಬಾವುಟ ಏರುತ್ತದೆ, ಕಠಿಣ ವ್ಯಾಯಾಮ ನಿಲ್ಲುತ್ತದೆ. ತೇವದ ಹವೆಯಲ್ಲಿ ಗುಂಡು ನಿರೋಧಕ ಕವಚ ತೊಟ್ಟಿದ್ದರೆ ಅಂಕಿಗೆ ಇನ್ನೂ ಸುಮಾರು 2.8 ಡಿಗ್ರಿ ಸೇರಿಸಬೇಕು.

2013ರ ಜುಲೈನಲ್ಲಿ ಬ್ರಿಟನ್ನಿನ ಬ್ರೆಕನ್ ಬೀಕನ್ಸ್ ಬೆಟ್ಟದಲ್ಲಿ ವಿಶೇಷ ಪಡೆಯ ಆಯ್ಕೆಯ ಮಾರ್ಚ್‌ನಲ್ಲಿ ಮೂವರು ಮೀಸಲು ಸೈನಿಕರು ಬಿಸಿಲಿಗೆ ಪ್ರಾಣ ಬಿಟ್ಟರು. ನಮ್ಮ ಕಲಬುರಗಿಯ ಬೇಸಿಗೆಗೆ ಹೋಲಿಸಿದರೆ ಅಲ್ಲಿನ ಬಿಸಿಲು ಏನೂ ಅಲ್ಲ. ಹೊರೆ ಹೊತ್ತು, ಒಗ್ಗದ ಮೈಯಲ್ಲಿ, ನಿಲ್ಲಲಾರದೆ ನಡೆದರೆ ತಂಪು ದೇಶದಲ್ಲೂ ಹೀಗಾಗುತ್ತದೆ.

ಹೆಣ್ಣುಮಕ್ಕಳಿಗೆ ಬಿಸಿಲು ತಡೆಯೋ ಶಕ್ತಿ ಕಡಿಮೆ ಅಂತಾರಲ್ಲ?

ದೇಹದ ಗಾತ್ರ, ತಯಾರಿ, ಒಗ್ಗಿಕೊಂಡ ಮಟ್ಟ ಸಮ ಇದ್ದರೆ ದೊಡ್ಡ ವ್ಯತ್ಯಾಸ ಇಲ್ಲ. ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಮೈ ಬಿಸಿ ಸುಮಾರು 0.3ರಿಂದ 0.5 ಡಿಗ್ರಿ ಜಾಸ್ತಿ ಇರುತ್ತದೆ, ಅಷ್ಟೇ. 2021ರ ಮೇ ತಿಂಗಳಲ್ಲಿ ಮಿಲಿಟರಿ ಪೊಲೀಸ್ ಪಡೆಯ ಮೊದಲ 83 ಮಹಿಳಾ ಸೈನಿಕರು ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಶೌಚಾಲಯ ಸಿಗದೆಂದು ನೀರು ಕುಡಿಯದೇ ಇರುವುದು ಮಾತ್ರ ನಿಜವಾದ ಅಪಾಯ. ಅದನ್ನು ಸರಿಪಡಿಸಬೇಕಾದ್ದು ವ್ಯವಸ್ಥೆ, ಹುಡುಗಿಯರಲ್ಲ.

ಒಮ್ಮೆ ಹೀಟ್ ಸ್ಟ್ರೋಕ್ ಆಗಿತ್ತು. ಮತ್ತೆ ಯಾವಾಗ ಓಡಬಹುದು?

ಆಸ್ಪತ್ರೆಯಿಂದ ಬಂದ ಮೇಲೆ ಕನಿಷ್ಠ ಒಂದು ವಾರ ಯಾವ ವ್ಯಾಯಾಮವೂ ಬೇಡ. ಆಮೇಲೆ ರಕ್ತ ಪರೀಕ್ಷೆಯಲ್ಲಿ ಕಿಡ್ನಿ, ಲಿವರ್, ಸ್ನಾಯುವಿನ ಅಂಕಿಗಳು ಸರಿಯಾಗಿವೆಯೇ ಎಂದು ವೈದ್ಯರು ನೋಡಬೇಕು. ಸರಿ ಇದ್ದರೆ ತಂಪು ಹೊತ್ತಿನಲ್ಲಿ ನಡಿಗೆಯಿಂದ ಶುರು. ಕೆಲವು ವಾರಗಳಲ್ಲಿ ಓಟ, ಆಮೇಲೆ ಸೆಕೆ, ಕೊನೆಗೆ ಹೊರೆ, ಇದೇ ಕ್ರಮದಲ್ಲಿ. ಒಂದು ಹಂತದಲ್ಲಿ ತಲೆ ಸುತ್ತಿದರೆ ಹಿಂದಿನ ಹಂತಕ್ಕೆ ಇಳಿಯಿರಿ. ತಿಂಗಳಾದರೂ ಸೆಕೆ ತಡೆಯಲಾಗದಿದ್ದರೆ ಶಾಖ ಸಹಿಷ್ಣುತೆಯ ಪರೀಕ್ಷೆ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಘಟಕ ಬದಲಾದರೆ ಹಳೆಯ ಹೀಟ್ ಸ್ಟ್ರೋಕ್ ವಿಷಯವನ್ನು ಹೊಸ ಜಾಗದ ವೈದ್ಯರಿಗೂ, ಉಸ್ತಾದರಿಗೂ ಮೊದಲ ದಿನವೇ ತಿಳಿಸಿ.